ಟವಲಿನ ಕೆಳಗಿನ ಕೈ

ಮೊದಲು ತುರಿಸಿದ್ದು ಬಲಗೈ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರುವ ತೆಳ್ಳಗಿನ ಚರ್ಮ. ಕುರುಗೋಡಿನ ಸಂತೆಯಲ್ಲಿ ಒಂದು ಹೋತ ಬೆದರಿ ಓಡುವಾಗ ಹಗ್ಗ ನನ್ನ ಕೈಯೊಳಗಿಂದ ಜಾರಿ, ಅಲ್ಲಿ ಸ್ವಲ್ಪ ತರಚಿತ್ತು. ಸಂತೆಯಲ್ಲಿ ತಿರುಗುವವರಿಗೆ ತರಚುವುದು ಒಂದು ಸುದ್ದಿಯೇ ಅಲ್ಲ. ಮಣ್ಣು ಒರೆಸಿಕೊಂಡು, ಒಂದಿಷ್ಟು ಗಾಯದ ಪೌಡರು ಉದುರಿಸಿಕೊಂಡು ಮುಂದಿನ ವ್ಯಾಪಾರಕ್ಕೆ ನಡೆದೆ.

ಗಾಯ ಒಣಗಿತು. ತುರಿಕೆ ಒಣಗಲಿಲ್ಲ.

ನಾನು ಕುರಿ ದಲ್ಲಾಳಿ. ಹುಟ್ಟಿದ್ದು ಹಚ್ಚೊಳ್ಳಿ, ಮನೆ ಮಾಡಿಕೊಂಡಿದ್ದು ಸಿರುಗುಪ್ಪ, ಅನ್ನ ಹುಟ್ಟುವುದು ಈ ಕಡೆಯ ಸಂತೆಗಳಲ್ಲಿ. ಅಪ್ಪನಿಂದ ಬಂದ ಕುರಿಯೂ ಇಲ್ಲ, ಹೊಲವೂ ಇಲ್ಲ. ಶಾಲೆ ಬಿಟ್ಟ ವಯಸ್ಸಿನಲ್ಲಿ ಒಬ್ಬ ಹಿರಿಯ ದಲ್ಲಾಳಿಯ ಹಿಂದೆ ತಿರುಗಿ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದು ಕಲಿತೆ. ಅವರನ್ನು ನಾನು ಉಸ್ತಾದ್ ಎಂದೇ ಕರೆಯುತ್ತಿದ್ದೆ. ಈಗ ಕುರಿಯ ಬೆನ್ನಿನ ಮೇಲೆ ಕೈಯಿಟ್ಟರೆ ಮಾಂಸ ಎಷ್ಟು, ಉಣ್ಣೆ ಎಷ್ಟು ಎಂದು ಹೇಳುತ್ತೇನೆ. ಜಂಬಕ್ಕೆ ಹೇಳುತ್ತಿಲ್ಲ. ನನ್ನ ಬದುಕಿನಲ್ಲಿ ಕೈ ಎಂದರೆ ಏನು ಎಂಬುದು ಗೊತ್ತಾಗದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮಲ್ಲಿ ಕುರಿಯ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಮಾರುವವನ ಕೈ ಹಿಡಿಯುತ್ತಾನೆ, ಮೇಲೆ ಟವಲು ಹೊದಿಸುತ್ತಾನೆ. ಒಳಗೆ ಬೆರಳು ಮಾತಾಡುತ್ತದೆ. ಒಂದು ಬೆರಳು ಹಿಡಿದರೆ ಒಂದು ಲೆಕ್ಕ, ಎರಡು ಹಿಡಿದರೆ ಇನ್ನೊಂದು, ಗೆಣ್ಣು ಒತ್ತಿದರೆ ಮತ್ತೊಂದು. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ತಿಳಿಯುವುದಿಲ್ಲ. ಆಮೇಲೆ ಕೊಳ್ಳುವವನ ಕೈ, ಅದೇ ಟವಲು. ಬೆಲೆ ಹೊರಗೆ ಬಿತ್ತೆಂದರೆ ಪಕ್ಕದ ಹಿಂಡಿನ ವ್ಯಾಪಾರವೂ ಕೆಡುತ್ತದೆ. ಹಾಗಾಗಿ ಇನ್ನೊಬ್ಬನ ಕೈ ಹಿಡಿಯಲಾಗದ ದಲ್ಲಾಳಿ ದಲ್ಲಾಳಿಯೇ ಅಲ್ಲ. ಅವನು ಸಂತೆಗೆ ಬಂದು ಚಹಾ ಕುಡಿದು ಹೋಗುವ ಮನುಷ್ಯ ಅಷ್ಟೇ.

ತುರಿಕೆಗೆ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಸ್ಸಿಗೆ ಕಾಯುತ್ತಿದ್ದಾಗ ಮೆಡಿಕಲ್ ಶಾಪಿಗೆ ಹೋಗಿ ಕೈ ತೋರಿಸಿದೆ. ಅಂಗಡಿಯವನು ಸರಿಯಾಗಿ ನೋಡಲೂ ಇಲ್ಲ. ಒಂದು ಟ್ಯೂಬ್ ಕೊಟ್ಟು, ಹುಳುಕಡ್ಡಿಗೂ ಆಗುತ್ತದೆ, ತುರಿಕೆಗೂ ಆಗುತ್ತದೆ, ಗಾಯಕ್ಕೂ ಆಗುತ್ತದೆ ಎಂದ. ನಾನು ಖುಷಿಯಾದೆ. ಈಗ ಯೋಚಿಸಿದರೆ ನಗು ಬರುತ್ತದೆ. ಯಾವನಾದರೂ ಒಂದು ಆಡು ತಂದು, ಇದು ಹಾಲೂ ಕೊಡುತ್ತದೆ, ಗಾಡಿಯೂ ಎಳೆಯುತ್ತದೆ, ಮನೆಯನ್ನೂ ಕಾಯುತ್ತದೆ ಎಂದರೆ ನಾನು ಅವನನ್ನು ಸಂತೆಯ ಗೇಟಿನವರೆಗೆ ಓಡಿಸುತ್ತಿದ್ದೆ. ಟ್ಯೂಬಿನ ವಿಷಯದಲ್ಲಿ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಕಡೆಯಿಂದ ಮೊದಲ ಸಲಹೆ ಇಲ್ಲೇ ತೆಗೆದುಕೊಳ್ಳಿ: ಎಲ್ಲದಕ್ಕೂ ಆಗುತ್ತದೆ ಎಂದು ಹೇಳಿದ ಕೂಡಲೇ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು.

ಟ್ಯೂಬು ಕೆಲಸ ಮಾಡಿತು. ಅದೇ ಕೆಟ್ಟದ್ದಾಯಿತು.

ಬೆಳಗ್ಗೆ ಹಚ್ಚಿದರೆ ಮಧ್ಯಾಹ್ನಕ್ಕೆ ತುರಿಕೆ ಮಾಯ. ಬಿಟ್ಟರೆ ಎರಡರಷ್ಟಾಗಿ ವಾಪಸು. ಮತ್ತೆ ಹಚ್ಚಿದರೆ ಮತ್ತೆ ಮಾಯ. ನನಗೆ ಇದು ಔಷಧದ ಗುಣ ಎಂದೇ ಅನಿಸಿತು. ಸಂತೆಯಲ್ಲಿ ಕೈ ತುರಿಸಿಕೊಳ್ಳುವವರಿಗೆಲ್ಲ ಅದರ ಹೆಸರು ಹೇಳಿದೆ. ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ವ್ಯಾಪಾರಕ್ಕೆ ಮುಂಚೆ ಹಚ್ಚುವುದು, ಜಿಡ್ಡು ಜಾಸ್ತಿಯಾಯಿತೆಂದು ಹೆಗಲ ಮೇಲಿನ ಟವಲಿಗೆ ಒರೆಸಿಕೊಳ್ಳುವುದು. ಮಳೆಗಾಲ ಮುಗಿಯುವಷ್ಟರಲ್ಲಿ ಎಷ್ಟು ಟ್ಯೂಬ್ ಖಾಲಿಯಾದವೋ, ಶಮೀಮ್‌ಗೆ ಗೊತ್ತು. ಶಮೀಮ್ ಎಂದರೆ ನನ್ನ ಹೆಂಡತಿ. ಖಾಲಿ ಟ್ಯೂಬುಗಳನ್ನು ಎಸೆಯದೆ ಒಂದು ಕ್ಯಾರಿಬ್ಯಾಗಿನಲ್ಲಿ ಹಾಕಿಡುತ್ತಿದ್ದಳು. ಯಾಕೆ ಎಂದು ಕೇಳಿದರೆ, ಒಂದಿನ ನಿಮ್ಮ ಮುಂದ ಸುರೀತೀನಿ, ಆವತ್ತು ನೋಡಿಕೊಳ್ರಿ ಎನ್ನುತ್ತಿದ್ದಳು.

ಚರ್ಮದ ಬಣ್ಣ ಬದಲಾಯಿತು. ಮೊದಲು ಕೆಂಪು, ಆಮೇಲೆ ಹೊಳಪು. ಈರುಳ್ಳಿ ಸಿಪ್ಪೆಯ ಒಳಪದರ ಇರುತ್ತದಲ್ಲ, ಹಾಗೆ ತೆಳ್ಳಗಾಯಿತು. ಒಳಗಿನ ಸಣ್ಣ ಸಣ್ಣ ರಕ್ತನಾಳ ಕಾಣತೊಡಗಿದವು. ಕುರಿಯ ಕೊಂಬು ತಾಕಿದರೆ ಸಾಕು, ಸೀಳು. ಬೆರಳು ಮಡಚಿದರೆ ಗೆಣ್ಣಿನ ಮೇಲೆ ಬಿರುಕು. ಬಿರುಕಿನಲ್ಲಿ ನೀರು. ಅನ್ನ ಕಲಸಿದರೆ ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ಜೋಳದ ರೊಟ್ಟಿ ಮುರಿಯಲೂ ಎಡಗೈಯ ಸಹಾಯ ಬೇಕಾಯಿತು.

ನಾನು ಹಚ್ಚುವುದನ್ನು ಹೆಚ್ಚು ಮಾಡಿದೆ.

ಹಚ್ಚೊಳ್ಳಿಯ ಈರಣ್ಣನ ವಿಷಯ ಹೇಳಬೇಕು. ಕುರಿಗಾರ. ಅವನ ಹಿಂಡಿನಂಥ ಹಿಂಡು ಸುತ್ತಮುತ್ತ ಇಲ್ಲ. ನಾವಿಬ್ಬರೂ ಒಂದೇ ಕಾಲುವೆಯಲ್ಲಿ ಈಜು ಕಲಿತವರು. ಬಕ್ರೀದ್ ಹತ್ತಿರ ಬಂದಾಗ ಬಳ್ಳಾರಿಯ ಕಂಟೋನ್ಮೆಂಟ್ ಕಡೆಯಿಂದ, ಆಂಧ್ರದ ಕಡೆಯಿಂದ ದೊಡ್ಡ ಗಿರಾಕಿಗಳು ಬರುತ್ತಾರೆ. ಅವರಿಗೆ ಈರಣ್ಣನ ಟಗರುಗಳೇ ಬೇಕು. ಅವನು ನನ್ನ ಕೈ ಬಿಟ್ಟು ಬೇರೆ ಕೈ ಹಿಡಿದವನಲ್ಲ. ನನ್ನ ವರ್ಷದ ದುಡಿಮೆ ನಿಂತಿದ್ದು ಆ ಒಂದು ಕೈಯ ಮೇಲೆ.

ಸಿರುಗುಪ್ಪದ ಸಂತೆ. ಎಂದಿನಂತೆ ಟವಲು ಹಾಕಿ ಅವನ ಕೈ ಹಿಡಿದೆ. ಅವನ ಬೆರಳು ನನ್ನ ಬಿರುಕಿನ ಮೇಲೆ ಬಂತು, ನಿಂತಿತು. ಆಮೇಲೆ ನಿಧಾನವಾಗಿ ಹೊರಗೆ ಹೋಯಿತು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ. ನನ್ನ ಮುಖ ನೋಡಲಿಲ್ಲ.

"ಹುಸೇನಣ್ಣ, ಬಾಯಿಲೆ ಹೇಳಿಬಿಡು."

ಬಾಯಲ್ಲಿ ಹೇಳು. ಸಂತೆಯ ನಡುವೆ.

"ಯಾಕಪಾ ಈರಣ್ಣ, ನನ್ನ ಕೈ ಗುರುತು ಸಿಗವಲ್ದನ?" ಎಂದು ನಗಲು ನೋಡಿದೆ.

"ಮನ್ಯಾಗ ಎಳೇ ಕೂಸು ಐತಣ್ಣ. ಸಿಟ್ಟಾಗಬ್ಯಾಡ. ಅಂಟೂ ರೋಗ ಅಂತ ಎಲ್ಲಾರೂ ಅನ್ನಾಕತ್ಯಾರ."

ಅವನು ಕೆಟ್ಟವನಲ್ಲ. ಅವನ ಜಾಗದಲ್ಲಿ ನಾನಿದ್ದರೂ ಕೈ ತೆಗೆಯುತ್ತಿದ್ದೆ. ಆದರೆ ಅವತ್ತು ಅವನ ಕುರಿಗಳು ಇನ್ನೊಬ್ಬ ದಲ್ಲಾಳಿಯ ಟವಲಿನ ಕೆಳಗೆ ಹೋದವು. ನಾನು ಚಹಾ ಕುಡಿದು ಮನೆಗೆ ಬಂದೆ.

ನಾನು ಸುಮ್ಮನೆ ಕೂರುವವನಲ್ಲ. ಮುಂದಿನ ಸಂತೆಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಹೋದೆ. ಟವಲಿನ ಒಳಗೆ ಗ್ಲೌಸ್ ಕಿರ್ ಕಿರ್ ಎಂದು ಸದ್ದು ಮಾಡಿತು. ನಾನು ಒತ್ತಿದ ಗೆಣ್ಣು ಯಾವುದು ಎಂದು ಎದುರಿನವನಿಗೆ ತಿಳಿಯಲಿಲ್ಲ. ಅವನು ಎರಡು ಕುರಿಗೆ ಹೇಳಿದ ಬೆಲೆಯನ್ನು ನಾನು ಒಂದಕ್ಕೆ ಎಂದುಕೊಂಡೆ. ಆ ವ್ಯಾಪಾರ ಜಗಳದಲ್ಲಿ ಮುಗಿಯಿತು. ಎಡಗೈ ಕೊಡೋಣವೆಂದರೆ ಯಾರು ಹಿಡಿಯುತ್ತಾರೆ? ಕುರುಗೋಡಿನ ಒಬ್ಬ ಮುದುಕ, "ಎಡಗೈ ಚಾಚಾಕತ್ತೀಯಲ್ಲೋ ಸಾಬಣ್ಣ, ನಾ ಏನ್ ನಿನಗ ಅನ್ಯಾಯ ಮಾಡೀನಿ?" ಎಂದು ಕೇಳಿದ. ಚಾಚಿದ ಕೈಯನ್ನು ಜೇಬಿಗೆ ಹಾಕಿಕೊಂಡೆ.

ಆ ವಾರ ಶಮೀಮ್ ಬುರ್ಖಾ ಹಾಕಿಕೊಂಡು, ಕ್ಯಾರಿಬ್ಯಾಗ್ ಹಿಡಿದು, ಬಳ್ಳಾರಿ ಬಸ್ಸಿನಲ್ಲಿ ನನ್ನನ್ನು ಕೂರಿಸಿದಳು.

ಬಳ್ಳಾರಿಯ ಸ್ಕಿನ್ ಡಾಕ್ಟರ್ ನಮ್ಮ ಕಡೆಯ ಹೆಣ್ಣುಮಗಳೇ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕೈ ನೋಡಿದರು, ಲೆನ್ಸ್ ಹಿಡಿದು ನೋಡಿದರು, ಬ್ಲೇಡಿನಿಂದ ಚರ್ಮದ ಪುಡಿ ಕೆರೆದು ಮೈಕ್ರೋಸ್ಕೋಪಿಗೆ ಕಳಿಸಿದರು. ಏನೇನು ಹಚ್ಚಿದಿರಿ ಎಂದು ಕೇಳಿದರು. ನಾನು ಒಂದು ಕ್ರೀಮ್ ಎಂದೆ. ಶಮೀಮ್ ಬ್ಯಾಗು ತಲೆಕೆಳಗೆ ಮಾಡಿದಳು. ಮೇಜಿನ ತುಂಬ ಟ್ಯೂಬ್, ಜೊತೆಗೆ ಗಾಯದ ಪೌಡರಿನ ಡಬ್ಬಿ, ಬಾಮಿನ ಬಾಟಲಿ.

"ಇವತ್ತು ಸುರಿದೆ ನೋಡ್ರಿ," ಎಂದಳು.

ಡಾಕ್ಟರ್ ಒಂದೊಂದೇ ಟ್ಯೂಬು ತಿರುಗಿಸಿ, ಸಣ್ಣ ಅಕ್ಷರ ಓದಿ, ಮೂರು ಗುಂಪು ಮಾಡಿಟ್ಟರು. ಮೈಕ್ರೋಸ್ಕೋಪಿನ ರಿಪೋರ್ಟ್ ಬಂತು. ಫಂಗಸ್ ಇಲ್ಲ. ಹುಳುಕಡ್ಡಿ ಅಲ್ಲ. ಅಂಟುವಂಥದ್ದು ಏನೂ ಇಲ್ಲ.

"ಸಾಬ್ರೇ, ನಿಮ್ಮ ಕೈಯಾಗ ಈಗ ಇರೋದು ರೋಗ ಅಲ್ಲ. ಔಷಧ."

ನನಗೆ ಅರ್ಥವಾಗಲಿಲ್ಲ. ಆಗ ಅವರು ನನ್ನ ಭಾಷೆಯಲ್ಲೇ ಹೇಳಿದರು. ಈ ಟ್ಯೂಬಿನೊಳಗೆ ಇಬ್ಬರು ಇದ್ದಾರೆ ಎಂದರು. ಒಬ್ಬ ಬೆಂಕಿ ಹಚ್ಚುವವನು, ಇನ್ನೊಬ್ಬ ಹೊಗೆ ಮುಚ್ಚುವವನು. ಬೆಂಕಿ ಹಚ್ಚುವುದು ಆಂಟಿಬಯೋಟಿಕ್ ಇರಬಹುದು, ಅಲರ್ಜಿ ಆಗಿರುವಂತೆ ಕಾಣುತ್ತದೆ, ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಹೊಗೆ ಮುಚ್ಚುವುದು ಸ್ಟೀರಾಯ್ಡ್. ಅದು ತುರಿಕೆಯನ್ನು ಒತ್ತಿ ಹಿಡಿಯುತ್ತದೆ, ಹಿಡಿದು ಹಿಡಿದು ಚರ್ಮವನ್ನೇ ತಿಂದು ತೆಳ್ಳಗೆ ಮಾಡುತ್ತದೆ. ಸ್ಟೀರಾಯ್ಡ್ ಕೆಟ್ಟದ್ದಲ್ಲ, ಡಾಕ್ಟರ್ ಅಳತೆ ಮಾಡಿ ಕೊಟ್ಟರೆ ಒಳ್ಳೆಯ ಔಷಧವೇ. ಅಳತೆಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿದ್ದು ತಪ್ಪು ಎಂದರು. ಎಲ್ಲ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಮೊದಲು ಜೋರಾಗುತ್ತದೆ, ಹೆದರಿ ಮತ್ತೆ ಟ್ಯೂಬು ಹಿಡಿಯಬಾರದು. ಬರೀ ವ್ಯಾಸಲೀನ್, ತಣ್ಣೀರ ಬಟ್ಟೆ, ತುರಿಕೆಗೆ ಒಂದು ಮಾತ್ರೆ.

ನಾನು ಚೌಕಾಸಿ ಮಾಡದೆ ಎದ್ದವನಲ್ಲ. ಪೂರ್ತಿ ಬಿಡುವುದು ಬೇಡ, ದಿನಕ್ಕೆ ಒಂದು ಸಲ ಹಚ್ಚಲೇ ಎಂದೆ. ಇಲ್ಲ ಎಂದರು. ಸಂತೆಯ ದಿನ ಮಾತ್ರ? ಇಲ್ಲ. ಒಂದು ಬೆರಳಿಗೆ? ಅವರು ಪೆನ್ನು ಕೆಳಗಿಟ್ಟು, "ನಿಮ್ಮ ಸಂತ್ಯಾಗ ಒಂದೇ ಮಾತಿನ ವ್ಯಾಪಾರಿ ಯಾರೂ ಇಲ್ಲೇನ್ರಿ? ನಾನು ಅಂಥಾಕಿ," ಎಂದರು. ಶಮೀಮ್ ಬಾಯಿಗೆ ಬಟ್ಟೆ ಇಟ್ಟುಕೊಂಡು ನಕ್ಕಳು. ಮದುವೆಯಾದ ಮೇಲೆ ಯಾರಾದರೂ ನನ್ನನ್ನು ಒಂದು ಮಾತಿನಲ್ಲಿ ಕೂರಿಸಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ನಿಲ್ಲಿಸಿದೆ.

ಕೈ ಹೊತ್ತಿಕೊಂಡಿತು.

ಅದನ್ನು ಹೇಗೆ ಬರೆಯಲಿ. ಮಣಿಕಟ್ಟಿನವರೆಗೆ ಊದಿತು. ಬೊಬ್ಬೆ ಎದ್ದವು, ಒಡೆದವು, ಸೋರಿದವು. ಬೆಂಕಿಯ ಹತ್ತಿರ ಹಿಡಿದಂಥ ಉರಿ, ಆ ಉರಿಯ ಒಳಗೊಂದು ತುರಿಕೆ. ಬಲಗೈಯನ್ನು ತಣ್ಣೀರ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ, ಬೇರೆಯವರ ಕೂಸನ್ನು ಎತ್ತಿಕೊಂಡವನ ಹಾಗೆ. ಶಮೀಮ್ ಅನ್ನ ಕಲಸಿ ಬಾಯಿಗಿಡುತ್ತಿದ್ದಳು, ಅಂಗಿಯ ಗುಂಡಿ ಹಾಕುತ್ತಿದ್ದಳು. ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡುವಾಗ ಆ ಕೈಗೆ ನೀರು ಬಿದ್ದರೆ ಜೀವ ಹೋಗುತ್ತಿತ್ತು. ಸಂತೆಯಲ್ಲಿ ಗಟ್ಟಿ ದನಿಯ ಮನುಷ್ಯ ಎಂದು ಹೆಸರಾದ ನಾನು, ಮಾತೇ ಮರೆತವನ ಹಾಗೆ ಗೋಡೆ ನೋಡುತ್ತಿದ್ದೆ. ಒಂದು ಟ್ಯೂಬು, ಕಡಲೆಯಷ್ಟು ಹಚ್ಚಿದರೆ ಸಾಕು, ಎಲ್ಲ ತಣ್ಣಗಾಗುತ್ತದೆ ಎಂದು ಗೊತ್ತಿತ್ತು. ಆ ಗೊತ್ತಿರುವುದೇ ದೊಡ್ಡ ಹಿಂಸೆ. ಒಂದು ಮಧ್ಯಾಹ್ನ ಶಮೀಮ್‌ಳನ್ನು ಬೇಡಿದೆ. ಎಲ್ಲಿಟ್ಟಿದ್ದೀ ಹೇಳು ಎಂದೆ. ಎಲ್ಲವನ್ನೂ ಡಾಕ್ಟರ್ ಮೇಜಿನ ಮೇಲೇ ಬಿಟ್ಟು ಬಂದೀನಿ ಎಂದಳು. ಸುಳ್ಳು ಅಂದುಕೊಂಡೆ. ನಿಜವಾಗಿತ್ತು.

ಡಾಕ್ಟರ್ ಹೇಳಿದಂತೆಯೇ ಉರಿ ಏರಿ, ಮೇಲೆ ನಿಂತು, ಇಳಿಯಿತು. ಪೊರೆ ಪೊರೆಯಾಗಿ ಚರ್ಮ ಉದುರಿತು. ಅದರ ಕೆಳಗೆ ಎಳೆ ಗುಲಾಬಿ ಬಣ್ಣದ ಹೊಸ ಚರ್ಮ. ನಾನೇ ರೊಟ್ಟಿ ಮುರಿದು ತಿಂದ ದಿನ ಶಮೀಮ್ ಪಾಯಸ ಮಾಡಿದಳು.

ಗೆದ್ದೆ ಎಂದುಕೊಂಡು ಸಂತೆಗೆ ಹೋದೆ. ಉಸ್ತಾದರು ಕೊಟ್ಟಿದ್ದ ಅದೇ ಟವಲು ಹೆಗಲ ಮೇಲೆ ಹಾಕಿಕೊಂಡು, ಕುರಿ ಮುಟ್ಟಿ, ಹಳೆಯ ಒಬ್ಬಿಬ್ಬರ ಕೈ ಹಿಡಿದು ಬಂದೆ. ಒಂದು ದಿನ ಕಳೆಯಿತು, ಮಾರನೆಯ ದಿನ ಸಂಜೆಗೆ ಹೆಬ್ಬೆರಳ ಸಂದಿಯಲ್ಲಿ ಮತ್ತೆ ತುರಿಕೆ, ಸಣ್ಣ ಸಣ್ಣ ಗುಳ್ಳೆ. ಮನೆಯಲ್ಲಿ ಕೂತರೆ ವಾಸಿ. ಮತ್ತೆ ಸಂತೆ, ಮತ್ತೆ ಗುಳ್ಳೆ.

ಹಚ್ಚುವುದನ್ನೆಲ್ಲ ಬಿಟ್ಟಿದ್ದೆ. ಹಾಗಾದರೆ ಇದು ಎಲ್ಲಿಂದ?

ಕುರಿಯದೇ ಇರಬೇಕು ಎಂದು ಅನಿಸಿದಾಗ ನಿಜಕ್ಕೂ ಹೆದರಿದೆ. ಕುರಿಯ ಉಣ್ಣೆ ನನಗೆ ಆಗದಿದ್ದರೆ ನಾನು ಯಾರು? ಇಷ್ಟು ವಯಸ್ಸಿಗೆ ಬೇರೆ ಯಾವ ಕೆಲಸ ಕಲಿಯಲಿ? ಬಕ್ರೀದ್‌ಗೆ ಇನ್ನು ಕೆಲವು ತಿಂಗಳು. ಈರಣ್ಣ ಅಷ್ಟರಲ್ಲಿ ಆ ಇನ್ನೊಂದು ಕೈಗೆ ಒಗ್ಗಿಕೊಂಡರೆ ಮತ್ತೆ ತಿರುಗುವುದಿಲ್ಲ.

ಮತ್ತೆ ಬಳ್ಳಾರಿ. ಡಾಕ್ಟರ್ ಪ್ಯಾಚ್ ಟೆಸ್ಟ್ ಮಾಡೋಣ ಎಂದರು. ಬೆನ್ನ ಮೇಲೆ ಬೇರೆ ಬೇರೆ ವಸ್ತುಗಳ ಸಣ್ಣ ಸಣ್ಣ ಪಟ್ಟಿ ಅಂಟಿಸುತ್ತಾರೆ, ಎರಡು ದಿನ ಹಾಗೇ ಬಿಡುತ್ತಾರೆ. ಆಗದ ವಸ್ತು ಇದ್ದ ಜಾಗ ಕೆಂಪಾಗುತ್ತದೆ. ಕುರಿಯ ಉಣ್ಣೆ, ಹಗ್ಗದ ನಾರು ತರಲು ಹೇಳಿದರು. ಆಮೇಲೆ ಕೇಳಿದರು: ಮನೆಯಲ್ಲಿ ಮುಟ್ಟದೆ ಸಂತೆಯಲ್ಲಿ ಮಾತ್ರ ಮುಟ್ಟುವುದು ಇನ್ನೇನಾದರೂ ಇದೆಯೇ?

ಏನೂ ಇಲ್ಲ ಎಂದೆ.

"ಟವಲು," ಎಂದಳು ಶಮೀಮ್.

ಅವಳ ಕಡೆ ಕೆಕ್ಕರಿಸಿ ನೋಡಿದೆ. ಆ ಟವಲಿನ ವಿಷಯ ಮನೆಯ ಹೊರಗೆ ಆಡುವಂಥದ್ದಲ್ಲ. ಉಸ್ತಾದರು ತೀರಿಕೊಳ್ಳುವ ಮುಂಚೆ ತಮ್ಮ ಹೆಗಲಿನಿಂದ ತೆಗೆದು ನನ್ನ ಹೆಗಲಿಗೆ ಹಾಕಿದ್ದು. ದಲ್ಲಾಳಿಯ ಟವಲನ್ನು ಒಗೆಯುವುದಿಲ್ಲ. ಜಾಡಿಸುತ್ತೇವೆ, ಬಿಸಿಲಿಗೆ ಹಾಕುತ್ತೇವೆ, ಅಷ್ಟೇ. ಒಗೆದರೆ ಕೈಗುಣ ಹೋಗುತ್ತದೆ ಎಂದು ಉಸ್ತಾದರು ಹೇಳಿದ್ದರು, ಅವರಿಗೆ ಅವರ ಉಸ್ತಾದರು ಹೇಳಿದ್ದರು. ಮದುವೆಯಾದಾಗಿನಿಂದ ಶಮೀಮ್‌ಗೂ ನನಗೂ ಇದ್ದ ಒಂದೇ ಒಂದು ಬಗೆಹರಿಯದ ಜಗಳ ಅದು.

"ಟ್ಯೂಬಿನ ಕೈ ಎಲ್ಲಾ ಅದಕ್ಕ ಒರೆಸ್ಯಾರ್ರಿ ಡಾಕ್ಟ್ರೇ. ಮಳೆಗಾಲ ಪೂರ್ತಿ. ಆ ಟವಲು ಹಿಂಡಿದ್ರ ಇನ್ನೊಂದು ಟ್ಯೂಬ್ ತುಂಬತೈತಿ."

ಡಾಕ್ಟರ್ ಕಣ್ಣು ಬೆಳಗಿತು. ಒಂದು ತುಂಡು ಬೇಕು ಎಂದರು. ಕತ್ತರಿಸಿ ಬೆನ್ನಿಗೆ ಅಂಟಿಸಬೇಕು.

ಉಸ್ತಾದರ ಟವಲಿಗೆ ಕತ್ತರಿ.

ಎಷ್ಟು ದೊಡ್ಡ ತುಂಡು ಎಂದು ಕೇಳಿದೆ. ಅವರು ಎರಡು ಬೆರಳಗಲ ತೋರಿಸಿದರು. ಅಷ್ಟು ಆಗುವುದಿಲ್ಲ ಎಂದೆ. ನನ್ನ ಹೆಬ್ಬೆರಳ ಉಗುರು ತೋರಿಸಿದೆ. ಉಣ್ಣೆ ಬೇಕಾದಷ್ಟು ಕೊಡುತ್ತೇನೆ, ಹಗ್ಗ ಕೊಡುತ್ತೇನೆ, ಟವಲಿನಲ್ಲಿ ಉಗುರಿಗಿಂತ ಜಾಸ್ತಿ ಇಲ್ಲ, ಅದೂ ಅಂಚಿನಿಂದ. ಅಂಚಿಗೆ ಕೈ ಒರೆಸುತ್ತೀರೋ ನಡುವಿಗೋ ಎಂದು ಕೇಳಿದರು. ನಡುವಿಗೆ ಎನ್ನಬೇಕಾಯಿತು. ಹಾಗಾದರೆ ನಡುವಿನದೇ ಬೇಕು, ಅಳತೆ ನಿಮ್ಮದು, ಜಾಗ ನನ್ನದು ಎಂದರು. ವ್ಯಾಪಾರ ಕುದುರಿತು. ಒಂದೇ ಮಾತಿನ ವ್ಯಾಪಾರಿ ಅಂದುಕೊಂಡಿದ್ದೆ; ಬೇಕಾದಾಗ ಬಗ್ಗುವುದೂ ಗೊತ್ತಿತ್ತು ಅವರಿಗೆ. ಸುಮ್ಮನೆ ಡಾಕ್ಟರ್ ಆಗಿದ್ದಾರೆ, ಸಂತೆಗೆ ಬಂದಿದ್ದರೆ ನಮ್ಮನ್ನೆಲ್ಲ ಮನೆಗೆ ಕಳಿಸುತ್ತಿದ್ದರು.

ಬೆನ್ನಿಗೆ ಪಟ್ಟಿ ಅಂಟಿಸಿದ ಮೇಲೆ ಸ್ನಾನ ಮಾಡುವಂತಿಲ್ಲ, ಬೆವರುವಂತಿಲ್ಲ. ಚಳಿಗಾಲ ನೋಡಿಯೇ ಇಟ್ಟುಕೊಂಡಿದ್ದರು. ಆದರೆ ಬಳ್ಳಾರಿಯ ಚಳಿಗಾಲ ಎಂದರೆ ಫ್ಯಾನು ಒಂದು ನಂಬರು ಕಡಿಮೆ ತಿರುಗುವ ಕಾಲ. ಪಾರ್ವತಿನಗರದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಉಳಿದೆ. ಆಪಾ ನನ್ನನ್ನು ಕೂಲರ್ ಮುಂದೆ ಕೂರಿಸಿ, ಎದ್ದರೆ ಬೈದು, ಬಗ್ಗಿದರೆ ಬೈದು, ಕುರಿ ಮೇಯಿಸುವವರಿಗಿಂತ ಬಿಗಿಯಾಗಿ ಕಾದಳು. "ಸಣ್ಣವನಿದ್ದಾಗ ಒಂದು ಗಳಿಗಿ ಕುಂತಾಂವ ಅಲ್ಲ ನೀ. ಅಲ್ಲಾ ನಿನಗ ಈಗ ಕುಂಡ್ರಿಸ್ಯಾನ ನೋಡು," ಎಂದಳು. ಬೆನ್ನಿನ ಒಂದು ಕಡೆ ತುರಿಸತೊಡಗಿತ್ತು. ಯಾವ ಕಡೆ ಎಂದು ನನಗೆ ಕಾಣುವುದಿಲ್ಲ. ಅದು ಉಣ್ಣೆಯ ಪಟ್ಟಿಯ ಜಾಗವೋ, ಬೇರೆಯದೋ? ಆಪಾಗೂ ಗೊತ್ತಿಲ್ಲ. ದುವಾ ಮಾಡುವಾಗ ಏನು ಕೇಳಿಕೊಂಡೆ ಗೊತ್ತೇ? ಯಾ ಅಲ್ಲಾ, ಕುರಿಯೊಂದು ಬೇಡ. ಉಳಿದ ಯಾವುದನ್ನಾದರೂ ಕಿತ್ತುಕೋ.

ಪಟ್ಟಿ ತೆಗೆಯುವ ದಿನ ಶಮೀಮ್ ಸಿರುಗುಪ್ಪದಿಂದ ಬಂದಳು. ಗುರುತು ಹಾಕಿ ಕಳಿಸಿ, ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡರು ಡಾಕ್ಟರ್. ಆ ಎರಡನೆಯ ಸಲ ನಾನು ಅಂಗಿ ಬಿಚ್ಚಿ ಗೋಡೆಗೆ ಮುಖ ಮಾಡಿ ಕೂತಿದ್ದೆ. ಹಿಂದೆ ಇಬ್ಬರೂ ಬಗ್ಗಿ ನೋಡುತ್ತಿದ್ದಾರೆ. ನನ್ನ ಬದುಕಿನ ಬೆಲೆಯನ್ನು ನನ್ನ ಬೆನ್ನ ಮೇಲೆಯೇ ಕಟ್ಟುತ್ತಿದ್ದಾರೆ, ನನಗೆ ಕಾಣುತ್ತಿಲ್ಲ.

"ಉಣ್ಣೆ?" ಎಂದೆ.

"ಏನೂ ಇಲ್ಲ. ಸ್ವಚ್ಛ," ಎಂದರು ಡಾಕ್ಟರ್.

"ಹಗ್ಗ?"

"ಅದೂ ಸ್ವಚ್ಛ."

ನನ್ನ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಂತು. ಆಮೇಲೆ ಶಮೀಮ್‌ಳ ಬೆರಳು ನನ್ನ ಬೆನ್ನಿನ ಎರಡು ಜಾಗವನ್ನು ಮುಟ್ಟಿತು. ಒಂದು ನಿಯೋಮೈಸಿನ್ ಎಂಬ ಆಂಟಿಬಯೋಟಿಕ್ ಹಚ್ಚಿದ್ದ ಜಾಗ. ಟ್ಯೂಬಿನಲ್ಲಿ ಇದ್ದದ್ದು ಅದೇ, ಗಾಯದ ಪೌಡರಿನಲ್ಲೂ ಇದ್ದದ್ದು ಅದೇ. ಎರಡನೆಯದು ಉಗುರಿನಷ್ಟು ಟವಲಿನ ತುಂಡು ಇದ್ದ ಜಾಗ. ಎರಡೂ ಒಂದೇ ಬಣ್ಣ. ಒಂದೇ ತಾಯಿಯ ಎರಡು ಮರಿಗಳ ಹಾಗೆ ಕೆಂಪಗೆ ಉಬ್ಬಿವೆ ಎಂದು ಅವಳು ಹೇಳಿದಳು. ಮೊಬೈಲಿನಲ್ಲಿ ಫೋಟೋ ತೆಗೆದು ನನಗೂ ತೋರಿಸಿದಳು. ಅಷ್ಟು ಸಣ್ಣ ತುಂಡು ಅಷ್ಟು ದೊಡ್ಡ ಸತ್ಯ ಹೇಳಿತ್ತು.

ಹಚ್ಚುವುದನ್ನು ಬಿಟ್ಟಿದ್ದೆ. ಹಚ್ಚಿದ್ದು ನನ್ನನ್ನು ಬಿಟ್ಟಿರಲಿಲ್ಲ. ಪ್ರತಿ ವ್ಯಾಪಾರದಲ್ಲೂ ಅದನ್ನು ನಾನೇ ಕೈಯ ಮೇಲೆ ಹೊದಿಸಿಕೊಳ್ಳುತ್ತಿದ್ದೆ.

ಮನೆಗೆ ಬಂದ ಮೇಲೆ ಟವಲಿನ ಮಾತು ಎದ್ದಿತು. ಶಮೀಮ್ ಗೆದ್ದವಳು, ಆದರೆ ಗೆದ್ದವಳ ಹಾಗೆ ಮಾತಾಡಲಿಲ್ಲ. ಒಗೆಯುತ್ತೇನೆ ಎಂದೂ ಅನ್ನಲಿಲ್ಲ, ಎಸೆಯಿರಿ ಎಂದೂ ಅನ್ನಲಿಲ್ಲ. ಕೊನೆಗೆ ನಾನೇ ಹೇಳಿದೆ: ಉಸ್ತಾದರು ಕೊಟ್ಟಿದ್ದು ಕೈ, ಟವಲು ಆ ಕೈಯ ಮೇಲೆ ಇದ್ದ ಬಟ್ಟೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟ್ರಂಕಿನ ತಳಕ್ಕೆ ಇಟ್ಟೆವು, ನಡುವೆ ಉಗುರಿನಷ್ಟು ತೂತು ಸಮೇತ. ಶಮೀಮ್ ಹೊಸ ಬಿಳಿ ಟವಲು ತಂದಳು. ಪ್ರತಿ ಸಂತೆಯ ಮಾರನೆಯ ದಿನ ಅದನ್ನು ಒಗೆಯುವುದು ಎಂದು ಕರಾರು. ಈ ಕರಾರಿನಲ್ಲಿ ಚೌಕಾಸಿ ಇಲ್ಲ.

ಕೈ ಈಗ ನಿಧಾನವಾಗಿ, ಆದರೆ ಹಿಂದಕ್ಕೆ ನೋಡದೆ ವಾಸಿಯಾಯಿತು. ಹೊಸ ಟವಲು ಹಾಕಿಕೊಂಡು ಸಂತೆಗೆ ಹೋದೆ, ಬಂದೆ, ಕಾದೆ. ಒಂದು ಗುಳ್ಳೆಯೂ ಇಲ್ಲ. ಇನ್ನೊಂದು ಸಂತೆ. ಇಲ್ಲ. ಹಿಂದೆ ಯಾರು ಯಾರಿಗೆ ಆ ಟ್ಯೂಬಿನ ಹೆಸರು ಹೇಳಿದ್ದೆನೋ ಅವರನ್ನೆಲ್ಲ ಹುಡುಕಿ, ಹಚ್ಚುತ್ತಿದ್ದರೆ ಬಳ್ಳಾರಿ ಡಾಕ್ಟರ್ ಹತ್ತಿರ ಕಳಿಸಿದೆ. ಒಬ್ಬ ಮುಖಕ್ಕೇ ಹಚ್ಚುತ್ತಿದ್ದ, ಬೆಳ್ಳಗಾಗಲೆಂದು. ಅವನಿಗೆ ನನ್ನ ಕೈಯ ಹಳೆಯ ಫೋಟೋ ತೋರಿಸಿದೆ. ಮಾತು ಖರ್ಚಾಗಲಿಲ್ಲ.

ನಿಮಗೂ ಹೇಳುತ್ತೇನೆ. ಹಚ್ಚುವ ಔಷಧ ಹೊರಗಿನದು, ಏನಾಗುತ್ತದೆ ಎಂದುಕೊಳ್ಳಬೇಡಿ, ಚರ್ಮವೂ ಉಣ್ಣುತ್ತದೆ. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಲು ಬರದಿದ್ದರೆ ಓದಬಲ್ಲವರ ಮುಂದೆ ಹಿಡಿಯಿರಿ. ಹಚ್ಚಿದರೆ ಮಾಯ, ಬಿಟ್ಟರೆ ಎರಡರಷ್ಟು ಎನ್ನುವ ಆಟ ಶುರುವಾದರೆ ಇನ್ನೊಂದು ಟ್ಯೂಬು ಕೊಳ್ಳಬೇಡಿ, ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಖಾಲಿ ಟ್ಯೂಬುಗಳನ್ನು ಒಯ್ಯಿರಿ, ಆ ಟ್ಯೂಬು ತಾಗಿದ ಬಟ್ಟೆಯನ್ನೂ ನೆನಪಿಡಿ. ಜೊತೆಗೆ, ಸಾಧ್ಯವಾದರೆ, ನಿಮ್ಮ ಸುಳ್ಳನ್ನು ಹೊರಗೆಳೆಯುವ ಒಬ್ಬರನ್ನು ಕರೆದುಕೊಂಡು ಹೋಗಿ.

ಬಕ್ರೀದ್ ಹತ್ತಿರವಾಯಿತು. ಕುರುಗೋಡಿನ ಸಂತೆ ಬೆಳಗಿನಿಂದಲೇ ತುಂಬಿತ್ತು. ಬಳ್ಳಾರಿಯ ಗಿರಾಕಿಗಳು ಗಾಡಿ ತಂದು ನಿಲ್ಲಿಸಿದ್ದರು. ಈರಣ್ಣ ತನ್ನ ಟಗರುಗಳ ನಡುವೆ ನಿಂತಿದ್ದ. ಆ ಇನ್ನೊಬ್ಬ ದಲ್ಲಾಳಿ ಅವನ ಪಕ್ಕದಲ್ಲೇ ಇದ್ದ. ನಾನು ಹೋಗಿ ಬಲಗೈ ಚಾಚಿದೆ. ಅಂಗೈ ಮೇಲೆ ಮಾಡಿ, ಬಿಸಿಲಿನಲ್ಲಿ.

ಈರಣ್ಣ ಕೈ ನೋಡಿದ. ಎತ್ತಿ ಹಿಡಿದ. ತಿರುಗಿಸಿದ. ಬೆರಳ ಸಂದಿ ಬಿಡಿಸಿ ಬಗ್ಗಿ ನೋಡಿದ.

"ಹಲ್ಲು ನೋಡಿದಂಗ ನೋಡಾಕತ್ತೀಯಲ್ಲಲೇ," ಎಂದೆ. "ಎಷ್ಟು ಹಲ್ಲಿನ ಟಗರು ನಾನು?"

ಸುತ್ತ ನಿಂತವರು ನಕ್ಕರು. ಅವನು ನಗಲಿಲ್ಲ.

"ಅಂಟೂದಲ್ಲ ಅಂತಾರೇನು ಡಾಕ್ಟ್ರು?"

"ಅಂಟೂದಲ್ಲ. ಆವತ್ತೂ ಅಲ್ಲ, ಇವತ್ತೂ ಅಲ್ಲ. ಮನ್ಯಾಗ ಕೂಸು ಹೆಂಗೈತಿ?"

"ನಡ್ಯಾಕತ್ತೈತಿ," ಎಂದ. ಆಮೇಲೆ ನನ್ನ ಹೆಗಲ ಕಡೆ ನೋಡಿದ. "ಉಸ್ತಾದ್ರ ಟವಲು?"

"ಅದಕ್ಕ ರಜಾ ಕೊಟ್ಟೀನಿ."

ಅವನು ಇನ್ನೊಬ್ಬ ದಲ್ಲಾಳಿಯ ಕಡೆ ತಿರುಗಿ, ನೀ ಆ ಕಡೆ ಆಡು ನೋಡಿಕೋ ಹೋಗಪಾ ಎಂದು ಮೆಲ್ಲಗೆ ಹೇಳಿದ. ಆಮೇಲೆ ನನ್ನ ಹೆಗಲ ಮೇಲಿನ ಬಿಳಿ ಟವಲನ್ನು ತಾನೇ ಎಳೆದು ನಮ್ಮಿಬ್ಬರ ಕೈಯ ಮೇಲೆ ಹಾಕಿದ.

ಒಳಗೆ ಕತ್ತಲು. ಬೆರಳು ಬೆರಳಿಗೆ ಸಿಕ್ಕಿತು. ಅವನ ಅಂಗೈಯ ಹಳೆಯ ಗಂಟು, ಕುರಿ ಕಟ್ಟುವ ಹಗ್ಗದಿಂದಾದದ್ದು, ಅದೇ ಜಾಗದಲ್ಲಿತ್ತು. ಅವನು ಒಂದು ಬೆಲೆ ಹೇಳಿದ. ನಾನು ಒಂದು ಬೆರಳು ಬಿಟ್ಟು ಗೆಣ್ಣು ಒತ್ತಿದೆ. ಅವನು ಎಳೆದ. ನಾನು ಬಿಡಲಿಲ್ಲ. ನನ್ನ ಚರ್ಮ ಇನ್ನೂ ತೆಳುವೇ. ಆ ಜಾಗದಲ್ಲಿ ಬಣ್ಣ ಪೂರ್ತಿ ಬಂದಿಲ್ಲ, ಬರಲಿಕ್ಕೂ ಇಲ್ಲ ಎಂದಿದ್ದಾರೆ ಡಾಕ್ಟರ್. ಬೆಳಗ್ಗೆ ಸಂಜೆ ವ್ಯಾಸಲೀನ್ ಹಚ್ಚದಿದ್ದರೆ ಬಿರುಕು ಬಿಡುತ್ತದೆ. ಆದರೆ ಆ ತೆಳು ಚರ್ಮದ ಮೂಲಕ ಅವನ ಬೆರಳು ಎಲ್ಲಿ ಸಡಿಲವಾಯಿತು ಎಂಬುದು ಮೊದಲಿಗಿಂತ ಚೆನ್ನಾಗಿ ತಿಳಿಯಿತು. ಅಲ್ಲಿ ಒತ್ತಿದೆ.

ಅವನು ಈಗ ನಕ್ಕ.

"ಕೈ ಕೂಸಿನ ಕೈ ಆಗೈತಿ ಹುಸೇನಣ್ಣ. ಹಿಡಿತ ಮಾತ್ರ ಅದೇ ಹಳೇ ಕಳ್ಳಂದು."

ಗಿರಾಕಿಗಳು ಗಾಡಿಯ ಹಿಂಬಾಗಿಲು ತೆಗೆದರು. ಎಷ್ಟಕ್ಕೆ ಮುಗಿಯಿತು ಎಂದು ಸಂತೆಯಲ್ಲಿ ಎಲ್ಲರೂ ಕೇಳಿದರು, ಮನೆಗೆ ಬಂದ ಮೇಲೆ ಶಮೀಮ್ ಕೂಡ ಕೇಳಿದಳು. ಅದು ಟವಲಿನ ಕೆಳಗಿನ ಮಾತು. ಅವಳು ತುಟಿ ತಿರುಚಿ, ನನ್ನ ಹೆಗಲಿನಿಂದ ಟವಲು ಎಳೆದುಕೊಂಡು, ಸೋಪು ಹಿಡಿದು ಹಿತ್ತಲಿಗೆ ಹೋದಳು.